‘ಎನ್‌ಫೋರ್ಸ್ ನೋ ಹಾಕಿ ಮುಗಿಸು’ ಅಂದರೆ ಮುಗಿಸಬಹುದೇ?

ಪ್ರಶ್ನೆ: ಸರ್, ನಾನು ಹಾಸನದವನು. ಇಲ್ಲೇ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಮೇನ್‌ಫ್ರೇಮ್ ಸಪೋರ್ಟ್ ಮಾಡುತ್ತಿದ್ದೇನೆ. ಈಗ ಮನೆಯಿಂದಲೇ ಕೆಲಸ, ರಾತ್ರಿ ಶಿಫ್ಟು. ಕ್ಲೈಂಟು ಅಮೆರಿಕದ ಒಂದು ಜೀವವಿಮಾ ಕಂಪನಿ. ಅವರು ಇನ್ನೊಂದು ಹಳೇ ಕಂಪನಿಯ ಪಾಲಿಸಿಗಳನ್ನು ಕೊಂಡುಕೊಂಡಿದ್ದಾರೆ. ಆ ಫೈಲನ್ನು ಝಡ್/ಓಎಸ್ (ಐಬಿಎಂ ಮೇನ್‌ಫ್ರೇಮಿನ ಆಪರೇಟಿಂಗ್ ಸಿಸ್ಟಮ್) ಮೇಲಿನ ಡಿಬಿ2 ಡೇಟಾಬೇಸಿನ ಟೇಬಲ್ಲಿಗೆ ಲೋಡ್ ಮಾಡುವುದು ನನ್ನ ಪಾಲಿಗೆ ಬಂದಿದೆ. ಪಾಲಿಸಿ ಶುರುವಾದ ತಾರೀಖಿನ ಕಾಲಮ್ಮಿಗೆ 1990-01-01ರಿಂದ 2029-12-31ರೊಳಗೇ ಇರಬೇಕು ಅಂತ ಚೆಕ್ ಕನ್‌ಸ್ಟ್ರೈಂಟ್ ಇದೆ. ಟೆಸ್ಟಿನಲ್ಲಿ ಓಡಿಸಿದಾಗ ರಿಟರ್ನ್ ಕೋಡ್ 4 (ಬರೀ ಎಚ್ಚರಿಕೆ) ಬಂತು. ಆಮೇಲೆ ನೋಡಿದರೆ ಮೂವತ್ತೆಂಟು ಸಾವಿರದಷ್ಟು ರೆಕಾರ್ಡು ಡಿಸ್ಕಾರ್ಡ್ ಫೈಲಿಗೆ, ಅಂದರೆ ತಿರಸ್ಕರಿಸಿದವನ್ನು ಹಾಕುವ ಫೈಲಿಗೆ, ಹೋಗಿವೆ. ನಮ್ಮ ಲೀಡ್, ‘ಎನ್‌ಫೋರ್ಸ್ ನೋ ಹಾಕು, ಲೋಡ್ ಆದಮೇಲೆ ರಿಪೇರ್ ಹೊಡೆದು ಚೆಕ್ ಪೆಂಡಿಂಗ್ ತೆಗಿ, ವೀಕೆಂಡಲ್ಲಿ ಮುಗೀಬೇಕು’ ಅನ್ನುತ್ತಾರೆ, ಅಂದರೆ ನಿಯಮ ನೋಡದೆ ಲೋಡ್ ಮಾಡಿ, ‘ತಪಾಸಣೆ ಬಾಕಿ’ ಅನ್ನುವ ಗುರುತನ್ನು ಅಳಿಸಿಬಿಡು ಅಂತ. ಜಾಬ್ ಓಡುವುದು ನನ್ನ ಐಡಿಯಲ್ಲಿ. ಹೀಗೆ ಮಾಡಬಹುದೇ? ನಾಳೆ ಏನಾದರೂ ಆದರೆ ನನ್ನ ತಲೆಗೇ ಬರುತ್ತದಾ? ಇನ್ನೊಂದು: ಇಲ್ಲಿ ಮಳೆ ಶುರುವಾದರೆ ನೆಟ್ಟು ಕರೆಂಟು ಎರಡೂ ನೆಚ್ಚಿಕೊಳ್ಳುವ ಹಾಗಿಲ್ಲ. ಲೋಡ್ ಮಧ್ಯದಲ್ಲಿ ಕನೆಕ್ಷನ್ ಹೋದರೆ ಟೇಬಲ್ ಕೆಡುತ್ತದಾ?

ಉತ್ತರ: ಕೊನೆಯ ಪ್ರಶ್ನೆ ಸುಲಭದ್ದು, ಮೊದಲು ಅದನ್ನು ಮುಗಿಸೋಣ. ನಿಮ್ಮ ಲ್ಯಾಪ್‌ಟಾಪಿನಲ್ಲಿರುವುದು ಬರೀ ಪರದೆ. ಸಬ್ಮಿಟ್ ಆದ ಜಾಬ್ ಓಡುವುದು ಕ್ಲೈಂಟಿನ ಮೆಷೀನಿನಲ್ಲಿ. ಹಾಸನದಲ್ಲಿ ಕರೆಂಟು ಹೋಯಿತು ಅಂತ ಅದು ನಿಲ್ಲುವುದಿಲ್ಲ. ನಾನಿರುವ ಚಿಕ್ಕಮಗಳೂರಿನಲ್ಲೂ ಜುಲೈ ಬಂದರೆ ಇದೇ ಪಾಡು, ಇಲ್ಲಿಂದಲೇ ಎಷ್ಟೋ ರಾತ್ರಿಯ ಬ್ಯಾಚ್ ನೋಡಿಕೊಂಡಿದ್ದೇನೆ. ಕೆಡುವುದು ಬೇರೆ ಕಡೆ. ಮತ್ತೆ ಲಾಗಿನ್ ಆದವರು ಜಾಬ್ ಎಲ್ಲಿದೆ ಅಂತ ನೋಡದೆ, ಸಿಕ್ಕಿಹಾಕಿಕೊಂಡಿರಬೇಕು ಅಂದುಕೊಂಡು ‘ಟರ್ಮ್ ಯುಟಿಲಿಟಿ’ (ಲೋಡನ್ನು ಅಲ್ಲೇ ಕೊಲ್ಲುವ ಕಮಾಂಡು) ಕೊಟ್ಟುಬಿಡುತ್ತಾರೆ. ಲಾಗ್ ನೋ ಹಾಕಿದ (ಬದಲಾವಣೆಯ ದಾಖಲೆ ಬರೆಯದ) ಲೋಡನ್ನು ರೀಲೋಡ್ ಹಂತದಲ್ಲಿ, ಅಂದರೆ ಸಾಲು ತುಂಬುವಾಗ, ಹಾಗೆ ಕೊಂದರೆ ಟೇಬಲ್‌ಸ್ಪೇಸ್ (ಟೇಬಲ್ಲಿನ ಡೇಟಾ ಇರುವ ಜಾಗ) ರಿಕವರ್ ಪೆಂಡಿಂಗಿಗೆ ಬೀಳುತ್ತದೆ, ಅಂದರೆ ಸರಿಪಡಿಸುವವರೆಗೆ ಬಳಸುವ ಹಾಗಿಲ್ಲ. ಆದ್ದರಿಂದ ಮೊದಲು ‘ಡಿಸ್‌ಪ್ಲೇ ಯುಟಿಲಿಟಿ’ ಕೊಟ್ಟು ಯಾವ ಹಂತ, ಎಷ್ಟು ರೆಕಾರ್ಡು ಅಂತ ನೋಡಿ. ಜಾಬ್ ನಿಜವಾಗಿ ಬಿದ್ದಿದ್ದರೂ ರೀಸ್ಟಾರ್ಟ್ ದಾರಿ ಇದೆ. ಟರ್ಮ್ ಕೊನೆಗೆ.

ಇನ್ನು ಮುಖ್ಯ ವಿಷಯ. ನಿಮ್ಮ ಲೀಡ್ ಹೇಳಿದ್ದು ತಾಂತ್ರಿಕವಾಗಿ ಆಗದ ಕೆಲಸವಲ್ಲ. ಎರಡೂ ಐಬಿಎಂ ಕೊಟ್ಟ ಆಯ್ಕೆಗಳೇ, ಕಳ್ಳದಾರಿಯೇನಲ್ಲ. ಎನ್‌ಫೋರ್ಸ್ ನೋ ಹಾಕಿದ ಮಾತ್ರಕ್ಕೆ ತಪ್ಪೂ ಆಗುವುದಿಲ್ಲ. ತಪ್ಪಾಗುವುದು ಅದರ ಬೆನ್ನಿಗೇ ರಿಪೇರ್ ಹೊಡೆದಾಗ. ಕಾರಣ ವಿವರವಾಗಿ ಹೇಳುತ್ತೇನೆ, ಏಕೆಂದರೆ ಲೀಡ್ ಎದುರು ನೀವು ಇದನ್ನೇ ಹೇಳಬೇಕಾಗುತ್ತದೆ.

ಲೋಡ್ ಯುಟಿಲಿಟಿಗೆ ನೀವು ಏನೂ ಹೇಳದಿದ್ದರೆ ಅದು ಕನ್‌ಸ್ಟ್ರೈಂಟುಗಳನ್ನು ನೋಡಿಯೇ ಲೋಡ್ ಮಾಡುತ್ತದೆ. ಚೆಕ್ ಕನ್‌ಸ್ಟ್ರೈಂಟಿಗೆ ಹೊಂದದ ಸಾಲು ಟೇಬಲ್ಲಿಗೆ ಬರುವುದಿಲ್ಲ, ಡಿಸ್ಕಾರ್ಡ್ ಡೇಟಾಸೆಟ್ ಕೊಟ್ಟಿದ್ದರೆ ಅಲ್ಲಿಗೆ ಹೋಗುತ್ತದೆ. ಎನ್‌ಫೋರ್ಸ್ ನೋ ಅಂದರೆ ‘ಈಗ ನೋಡಬೇಡ, ಆಮೇಲೆ ನೋಡೋಣ’ ಅಂತ. ನಿಯಮ ರದ್ದಾಗಲಿಲ್ಲ, ಮುಂದಕ್ಕೆ ಹೋಯಿತು ಅಷ್ಟೆ. ಆ ‘ಆಮೇಲೆ’ ಮರೆತುಹೋಗಬಾರದು ಅಂತಲೇ ಡಿಬಿ2 ಆ ಟೇಬಲ್‌ಸ್ಪೇಸನ್ನು ಚೆಕ್ ಪೆಂಡಿಂಗಿಗೆ ಹಾಕುತ್ತದೆ. ಆ ಸ್ಥಿತಿಯಲ್ಲಿ ಸಾದಾ ಸೆಲೆಕ್ಟ್ (ಸಾಲು ಓದುವುದು) ಕೂಡ ಆಗುವುದಿಲ್ಲ, ‘ಈಗ ಸಿಗದು’ ಅನ್ನುವ -904 ಬರುತ್ತದೆ. ಇದು ಎರರ್ ಅಲ್ಲ, ಕೈಸಾಲದ ಚೀಟಿ. ಚೆಕ್ ಡೇಟಾ ಯುಟಿಲಿಟಿ ಓಡಿಸಿದರೆ ಸಾಲ ತೀರಿ ಚೀಟಿ ಹರಿಯುತ್ತದೆ. ‘ರಿಪೇರ್ ಸೆಟ್ … ನೋಚೆಕ್‌ಪೆಂಡ್’ ಹೊಡೆದರೆ ಸಾಲ ಹಾಗೇ ಇರುತ್ತದೆ, ಚೀಟಿ ಮಾತ್ರ ಹರಿದುಹೋಗಿರುತ್ತದೆ. ‘ಸ್ಟಾರ್ಟ್ ಡೇಟಾಬೇಸ್ … ಆಕ್ಸೆಸ್ ಫೋರ್ಸ್’ ಮಾಡುವುದೂ ಇದನ್ನೇ.

ಹರಿದ ಮೇಲೆ ಏನಾಗುತ್ತದೆ? ಅವತ್ತು ಏನೂ ಆಗುವುದಿಲ್ಲ, ಇದೇ ಇದರ ಕೆಟ್ಟ ಗುಣ. ಆನ್‌ಲೈನ್ ತೆರೆಯುತ್ತದೆ, ರಿಪೋರ್ಟ್ ಬರುತ್ತದೆ, ಎಲ್ಲರೂ ಶಹಬ್ಬಾಸ್ ಅನ್ನುತ್ತಾರೆ. ಎರಡು ಮೂರು ವರ್ಷ ಬಿಟ್ಟು ಇನ್ಯಾರೋ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಆ ಟೇಬಲ್ಲಿಗೆ ಕಾಲಮ್ ಬದಲಿಸಲೋ ಬೇರೆ ಸಬ್‌ಸಿಸ್ಟಮ್ಮಿಗೆ ಸಾಗಿಸಲೋ ಅನ್‌ಲೋಡ್ ಮಾಡಿ ಮತ್ತೆ ಲೋಡ್ ಮಾಡುತ್ತಾರೆ. ಅವರ ಜಾಬಿನಲ್ಲಿ ಎನ್‌ಫೋರ್ಸ್ ಸಾಲೇ ಇರುವುದಿಲ್ಲ, ಅಂದರೆ ಕನ್‌ಸ್ಟ್ರೈಂಟ್ ನೋಡಿಯೇ ಲೋಡ್ ಆಗುತ್ತದೆ. ನಿಮ್ಮ ಮೂವತ್ತೆಂಟು ಸಾವಿರ ಪಾಲಿಸಿ ಆ ರಾತ್ರಿ ಡಿಸ್ಕಾರ್ಡಿಗೆ ಬೀಳುತ್ತವೆ. ರಿಟರ್ನ್ ಕೋಡ್ ಮತ್ತೆ 4. ಟೇಬಲ್ಲಿನಲ್ಲಿರುವ ಸಾಲು ಅದೇ ಟೇಬಲ್ಲಿನ ನಿಯಮಕ್ಕೆ ಹೊಂದುವುದಿಲ್ಲ ಅಂತ ಆ ಡಿಬಿಎಗೆ ಕನಸಿನಲ್ಲೂ ಹೊಳೆಯುವುದಿಲ್ಲ. ಪ್ರೀಮಿಯಂ ಕಟ್ಟುತ್ತಿರುವ ಯಾವುದೋ ಅಜ್ಜಿ ಫೋನ್ ಮಾಡಿ ‘ನನ್ನ ಪಾಲಿಸಿ ಎಲ್ಲಿ’ ಅನ್ನುವವರೆಗೆ ಯಾರಿಗೂ ಗೊತ್ತಾಗುವುದಿಲ್ಲ.

ನಡುವೆ ಯಾರಿಗಾದರೂ ಅನುಮಾನ ಬಂದು ಚೆಕ್ ಡೇಟಾ ಓಡಿಸಿದರೂ, ಸ್ಕೋಪ್ ಪೆಂಡಿಂಗ್ ಅಂತ ಕೊಟ್ಟರೆ ಅದಕ್ಕೆ ಏನೂ ಕಾಣುವುದಿಲ್ಲ. ಪೆಂಡಿಂಗ್ ಗುರುತನ್ನು ನೀವು ಆಗಲೇ ಅಳಿಸಿದ್ದೀರಲ್ಲ. ಸ್ಕೋಪ್ ಆಲ್ ಕೊಡಬೇಕು. ಕೊಡಬೇಕು ಅಂತ ಹೊಳೆಯಬೇಕಲ್ಲ, ಅದು ಕಷ್ಟ.

ರಿಟರ್ನ್ ಕೋಡ್ 4ರ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮಲ್ಲಿ ‘ನಾಲ್ಕು ಓಕೆ, ಎಂಟು ಬಂದರೆ ಕರಿ’ ಅನ್ನುವುದು ಬ್ಯಾಚ್ ಸಪೋರ್ಟಿನ ಮಂತ್ರವೇ ಆಗಿಬಿಟ್ಟಿದೆ. ಇದು ಸುಮ್ಮನೆ ಬಂದ ಅಭ್ಯಾಸವಲ್ಲ. ಲಾಗ್ ನೋ ಹಾಕಿ ಇನ್‌ಲೈನ್ ಕಾಪಿ (ಲೋಡ್ ಜೊತೆಗೇ ತೆಗೆಯುವ ಬ್ಯಾಕಪ್) ತೆಗೆಯದಿದ್ದರೆ ಕಾಪಿ ಪೆಂಡಿಂಗ್ ಎಚ್ಚರಿಕೆಗೂ ಅದೇ 4 ಬರುತ್ತದೆ, ದಿನಾ ಬರುತ್ತದೆ, ಹಾಗಾಗಿ ಶೆಡ್ಯೂಲರಿನಲ್ಲಿ 4ನ್ನು ಪಾಸ್ ಮಾಡಿಟ್ಟಿರುತ್ತಾರೆ. ಆ ತೆರೆದ ಬಾಗಿಲಲ್ಲೇ ಡಿಸ್ಕಾರ್ಡ್ ಆದ ಸಾವಿರಾರು ಸಾಲು ಹೊರಗೆ ಹೋಗುತ್ತವೆ. ಟೆಸ್ಟಿನಲ್ಲಿ ನೀವು ಡಿಸ್ಕಾರ್ಡ್ ಫೈಲನ್ನು ತೆರೆದು ನೋಡಿದ್ದೀರಿ, ಅದಕ್ಕೇ ಈ ಪ್ರಶ್ನೆ ಹುಟ್ಟಿತು. ತುಂಬ ಜನ ನೋಡುವುದಿಲ್ಲ. ಇನ್ನು ‘ಡಿಸ್ಕಾರ್ಡ್ಸ್’ ಅಂತ ಗರಿಷ್ಠ ಮಿತಿ ಇಡುವ ಆಯ್ಕೆಯೂ ಇದೆ. ಸೊನ್ನೆ ಅಂದರೆ ಒಂದೂ ಬೇಡ ಅಂತ ಎಷ್ಟೋ ಜನ ತಿಳಿದಿದ್ದಾರೆ. ಉಲ್ಟಾ. ಸೊನ್ನೆ ಅಂದರೆ ಮಿತಿಯೇ ಇಲ್ಲ, ಏನೂ ಬರೆಯದಿದ್ದರೂ ಅದೇ. ಬೇರೆ ಸಂಖ್ಯೆ ಕೊಟ್ಟು ಆ ಮಿತಿ ಮುಟ್ಟಿತೋ, ಜಾಬ್ ಅಬೆಂಡ್ ಆಗುತ್ತದೆ (ಮಧ್ಯದಲ್ಲೇ ಬೀಳುತ್ತದೆ), ಡಿಸ್ಕಾರ್ಡ್ ಫೈಲ್ ಖಾಲಿ ಇರುತ್ತದೆ. ಯಾವ ರೆಕಾರ್ಡು ಕೆಟ್ಟದ್ದು ಅಂತ ನೋಡುವುದಕ್ಕೂ ಸಿಗುವುದಿಲ್ಲ. ಮೊದಲ ಸಲದ ಟೆಸ್ಟಿಗೆ ಮಿತಿ ಇಡಬೇಡಿ, ಪ್ರೊಡಕ್ಷನ್ನಿಗೆ ಇಡಿ.

ಎನ್‌ಫೋರ್ಸ್ ನೋ ಬಗ್ಗೆ ಇರುವ ಇನ್ನೊಂದು ತಪ್ಪು ಕಲ್ಪನೆ, ಅದು ತಾರೀಖಿನ ಎಲ್ಲ ತಪಾಸಣೆಯನ್ನೂ ನಿಲ್ಲಿಸುತ್ತದೆ ಅನ್ನುವುದು. ಇಲ್ಲ. ತಾರೀಖಿಗೆ ಕಾವಲು ಒಂದೇ ಕಡೆ ಇರುವುದಿಲ್ಲ, ನಾಲ್ಕು ಕಡೆ ಇರುತ್ತದೆ, ನಾಲ್ಕರ ಸ್ವಭಾವವೂ ಬೇರೆ ಬೇರೆ.

ಒಳಗಿನ ಕಾವಲು ಡೇಟ್ ಅನ್ನುವ ಟೈಪಿನದೇ. 0001-01-01ರಿಂದ 9999-12-31ರವರೆಗೆ ಕ್ಯಾಲೆಂಡರಿನಲ್ಲಿ ಇರುವ ದಿನವಾದರೆ ಸರಿ. ಫೆಬ್ರುವರಿ 30 ಆದರೆ ಯಾವ ಆಯ್ಕೆ ಹಾಕಿದರೂ ಡೇಟ್ ಕಾಲಮ್ಮಿಗೆ ಹೋಗುವುದಿಲ್ಲ. ಇನ್ಸರ್ಟ್ ಮಾಡಿದರೆ -181 ಬರುತ್ತದೆ, ಲೋಡ್ ಮಾಡಿದರೆ ಸಾಲು ಡಿಸ್ಕಾರ್ಡಿಗೆ ಹೋಗುತ್ತದೆ. ಇದನ್ನು ದಾಟಿಸುವ ಉಪಾಯವಿಲ್ಲ, ಇರಲೂ ಬಾರದು.

ಎರಡನೆಯದು ಪಾರ್ಟಿಶನ್, ಅಂದರೆ ಟೇಬಲ್ಲನ್ನು ಮಿತಿ ಹಾಕಿ ತುಂಡು ಮಾಡಿಟ್ಟಿರುವುದು. ನಿಮ್ಮ ಟೇಬಲ್ ತಾರೀಖಿನ ಮೇಲೆ ಪಾರ್ಟಿಶನ್ ಆಗಿದೆಯೋ ಇಲ್ಲವೋ ನೀವು ಬರೆದಿಲ್ಲ, ನೋಡಿಕೊಳ್ಳಿ. ಆಗಿದ್ದರೆ ಕೊನೇ ಪಾರ್ಟಿಶನ್ನಿನ ಮಿತಿ ಮೀರಿದ ಸಾಲಿಗೆ ಇರಲು ಜಾಗವೇ ಇಲ್ಲ. ಇನ್ಸರ್ಟಿನಲ್ಲಿ -327 ಅಂತ ಬರುವುದು ಇದೇ. ಎನ್‌ಫೋರ್ಸ್ ನೋಗೂ ಇದಕ್ಕೂ ಸಂಬಂಧವಿಲ್ಲ, ಪಾರ್ಟಿಶನ್ ಸೇರಿಸಬೇಕು. ಸೇರಿಸುವ ಬದಲು ಮೊದಲಿನದನ್ನು ರೊಟೇಟ್ ಮಾಡಿ ಕೊನೆಗೆ ತರೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ರೊಟೇಟ್ ಮಾಡಿದರೆ ಆ ಪಾರ್ಟಿಶನ್ನಿನ ಹಳೇ ಡೇಟಾ ಹೋಗುತ್ತದೆ. ನಿಮ್ಮದು ಹಳೇ ಪಾಲಿಸಿ ಸೇರಿಸುವ ಕೆಲಸ, ಇದ್ದ ಹಳೇದನ್ನು ಕಳೆಯುವುದಲ್ಲ.

ಮೂರನೆಯದು ಚೆಕ್ ಕನ್‌ಸ್ಟ್ರೈಂಟ್, ಈಗ ನಿಮ್ಮನ್ನು ತಡೆದಿರುವುದು. ಇದರಲ್ಲಿ ಒಂದು ಸೂಕ್ಷ್ಮವಿದೆ. ಡಿಬಿ2ನಲ್ಲಿ ಚೆಕ್ ಕನ್‌ಸ್ಟ್ರೈಂಟಿನೊಳಗೆ ಕರೆಂಟ್ ಡೇಟ್ ಬಳಸುವ ಹಾಗಿಲ್ಲ. ಹಾಗಾಗಿ ‘ಇವತ್ತಿನ ತಾರೀಖು ದಾಟಬಾರದು’ ಅನ್ನುವ ನಿಯಮವನ್ನು ಅಲ್ಲಿ ಬರೆಯಲಾಗದೆ, ಯಾರೋ ಒಬ್ಬರು ಅವತ್ತಿಗೆ ದೂರ ಅನ್ನಿಸಿದ 2029 ಅಂತ ಬರೆದಿಟ್ಟಿರುತ್ತಾರೆ. ‘ಭವಿಷ್ಯದ ತಾರೀಖು ಬೇಡ’ ಅನ್ನುವ ನಿಜವಾದ ನಿಯಮ ನಾಲ್ಕನೇ ಕಡೆ ಕೂತಿರುತ್ತದೆ, ಅಂದರೆ ಟ್ರಿಗರಿನಲ್ಲಿ (ಸಾಲು ಸೇರಿದಾಗ ತಾನೇ ಓಡುವ ಕೋಡು) ಅಥವಾ ಕೋಬಾಲ್ ಪ್ರೋಗ್ರಾಮಿನಲ್ಲಿ. ಸಾದಾ ಲೋಡ್ ಆ ನಾಲ್ಕನೆಯದರ ಹತ್ತಿರ ಸುಳಿಯುವುದೇ ಇಲ್ಲ! ಶೇರ್‌ಲೆವೆಲ್ ನನ್ (ಲೋಡ್ ಆಗುವಾಗ ಬೇರೆ ಯಾರೂ ಟೇಬಲ್ ಮುಟ್ಟದ ರೀತಿ) ಇದ್ದಾಗ ಟ್ರಿಗರ್ ಏಳುವುದಿಲ್ಲ. ಅಂದರೆ ಎನ್‌ಫೋರ್ಸ್ ನೋ ಹಾಕುವ ಮೊದಲೇ, ನಿಮಗೆ ಗೊತ್ತಿಲ್ಲದೆ, ಒಂದು ಕಾವಲನ್ನು ನೀವು ದಾಟಿ ಬಂದಾಗಿದೆ. ಡಿಸ್ಕಾರ್ಡ್ ಆದ ಮೂವತ್ತೆಂಟು ಸಾವಿರದ ಚಿಂತೆ ನಿಮಗೆ. ನನಗೆ ಡಿಸ್ಕಾರ್ಡ್ ಆಗದೆ ಒಳಗೆ ಹೋದವುಗಳ ಚಿಂತೆಯೂ ಇದೆ. ಶೇರ್‌ಲೆವೆಲ್ ಚೇಂಜ್ ಹಾಕಿದರೆ ಲೋಡ್ ಇನ್ಸರ್ಟಿನ ಹಾಗೆ ನಡೆದುಕೊಳ್ಳುತ್ತದೆ, ಟ್ರಿಗರ್ ಏಳುತ್ತದೆ, ಎನ್‌ಫೋರ್ಸ್ ನೋ ಹಾಕಲು ಅದು ಬಿಡುವುದೂ ಇಲ್ಲ. ನಿಧಾನ, ಲಾಗ್ ಜಾಸ್ತಿ. ಆದರೂ ಡಿಸ್ಕಾರ್ಡ್ ಆದ ಸಾಲುಗಳನ್ನು ಸರಿಮಾಡಿ ಎರಡನೇ ಸಲ ಹಾಕುವಾಗ ನಾನು ಇದನ್ನೇ ಆರಿಸುತ್ತೇನೆ. ಅಷ್ಟು ಸಾಲಿಗೆ ವೇಗದ ಪ್ರಶ್ನೆಯೇ ಏಳುವುದಿಲ್ಲ.

ಈಗ ಆ ಮೂವತ್ತೆಂಟು ಸಾವಿರಕ್ಕೆ ಬರೋಣ. ಅವೆಲ್ಲ ಒಂದೇ ಜಾತಿಯವು ಅಂದುಕೊಂಡರೆ ಅಲ್ಲೇ ಎಡವುತ್ತೀರಿ. ಲೀಡ್ ಹೇಳಿದ ದಾರಿಯ ತೊಡಕೂ ಇದೇ, ಒಂದೇ ಏಟಿಗೆ ಎಲ್ಲವನ್ನೂ ಒಳಗೆ ಹಾಕುತ್ತದೆ. ಡಿಸ್ಕಾರ್ಡ್ ಫೈಲನ್ನು ಐಸ್‌ಟೂಲ್ ಅನ್ನುವ ಮೇನ್‌ಫ್ರೇಮಿನ ಸಾರ್ಟ್ ಉಪಕರಣಕ್ಕೆ ಕೊಡಿ. ಅದರಲ್ಲಿ ‘ಅಕರ್’ ಅನ್ನುವ ಆಪರೇಟರಿಗೆ ತಾರೀಖಿನ ಮೊದಲ ನಾಲ್ಕು ಅಕ್ಷರದ ಜಾಗ ತೋರಿಸಿದರೆ ಯಾವ ವರ್ಷಕ್ಕೆ ಎಷ್ಟು ರೆಕಾರ್ಡು ಅಂತ ಪಟ್ಟಿ ಕೊಡುತ್ತದೆ. ಐದು ನಿಮಿಷದ ಕೆಲಸ. ಬರುವ ಪಟ್ಟಿ ಹೀಗಿರುತ್ತದೆ ಅಂತ ಹೆಚ್ಚುಕಡಿಮೆ ಈಗಲೇ ಹೇಳಬಲ್ಲೆ. 1960ರಿಂದ 1989ರವರೆಗೆ ವರ್ಷ ವರ್ಷಕ್ಕೂ ಹರಡಿಕೊಂಡ ದೊಡ್ಡ ರಾಶಿ. 0001 ಮತ್ತು 9999ರಲ್ಲಿ ಒಂದೊಂದು ಗುಡ್ಡೆ. ಆಮೇಲೆ 2060ರ ಆಸುಪಾಸಿನಲ್ಲಿ ಒಂದಷ್ಟು, ಯಾಕೆ ಬಂದವು ಅಂತ ತಲೆ ಕೆರೆದುಕೊಳ್ಳುವಂಥವು.

ಹರಡಿಕೊಂಡ ರಾಶಿ ನಿಜವಾದ ಹಳೇ ಪಾಲಿಸಿಗಳು. ಅಲ್ಲಿ ಡೇಟಾ ಸರಿ ಇದೆ, ನಿಯಮ ತಪ್ಪಿದೆ. 1990 ಅನ್ನುವುದು ವಿಮೆಯ ನಿಯಮವಲ್ಲ, ನಿಮ್ಮ ಕ್ಲೈಂಟಿನ ಸ್ವಂತ ಪಾಲಿಸಿಗಳು ಶುರುವಾದ ಕಾಲವೋ ಆ ಟೇಬಲ್ ಕಟ್ಟಿದ ಕಾಲವೋ ಇರಬೇಕು. ಬೇರೆ ಕಂಪನಿಯ ಪುಸ್ತಕ ಕೊಂಡ ದಿನವೇ ಆ ನಿಯಮ ಹಳತಾಯಿತು.

0001 ಮತ್ತು 9999 ತಾರೀಖುಗಳೇ ಅಲ್ಲ, ‘ಗೊತ್ತಿಲ್ಲ’ ಅಂತ ಬರೆಯುವ ರೀತಿ. ಹಳೇ ವಿಸ್ಯಾಮ್ ಫೈಲುಗಳಲ್ಲಿ (ಮೇನ್‌ಫ್ರೇಮಿನ ಒಂದು ಬಗೆಯ ಫೈಲು) ನಲ್, ಅಂದರೆ ‘ಮೌಲ್ಯವಿಲ್ಲ’ ಅನ್ನುವ ಗುರುತು, ಇರಲಿಲ್ಲ, ಸೊನ್ನೆ ತುಂಬುತ್ತಿದ್ದರು, ಇಲ್ಲ ಒಂಬತ್ತು ತುಂಬುತ್ತಿದ್ದರು. ಮಧ್ಯದಲ್ಲಿ ಕನ್ವರ್ಷನ್ ಮಾಡಿದವರು ಅದನ್ನು ಡೇಟ್ ಆಗಿಸಿದ್ದಾರೆ. ಇವು ಒಳಗೆ ಹೋದರೆ ಪ್ರೋಗ್ರಾಮುಗಳು ಬೀಳುತ್ತವೆ. 9999-12-31ಕ್ಕೆ ಒಂದು ದಿನ ಕೂಡಿಸಿ ನೋಡಿ, -183 ಬರುತ್ತದೆ. ಪಾಲಿಸಿ ಶುರುವಾದ ದಿನಕ್ಕೆ ಇಷ್ಟು ತಿಂಗಳು ಕೂಡಿಸು ಅನ್ನುವ ಲೆಕ್ಕವಿಲ್ಲದ ವಿಮಾ ಬ್ಯಾಚ್ ಇದೆಯೇ? ಕೋಬಾಲಿನ ಇಂಟಿಜರ್ ಆಫ್ ಡೇಟ್ ಫಂಕ್ಷನ್ ದಿನ ಎಣಿಸುವುದು 1601ರ ಜನವರಿ 1ರಿಂದ. ಅದಕ್ಕೆ 0001 ಅಂದರೆ ಅರ್ಥವೇ ಆಗದು.

2060ರ ಗುಂಪು ಇವೆಲ್ಲಕ್ಕಿಂತ ಅಪಾಯದ್ದು. ಮೂಲ ಫೈಲಿನಲ್ಲಿ ವರ್ಷ ಎರಡೇ ಅಂಕಿಯಲ್ಲಿದ್ದು, ನಾಲ್ಕಾಗಿಸಿದ ಪ್ರೋಗ್ರಾಮಿನಲ್ಲಿ ಪಿವಟ್ (ಯಾವ ಅಂಕಿಗಿಂತ ಕಡಿಮೆ ಇದ್ದರೆ 20 ಸೇರಿಸಬೇಕು ಅನ್ನುವ ಗಡಿ) 70 ಇದ್ದರೆ, 68 ಅನ್ನುವುದು 2068 ಆಗುತ್ತದೆ. 1968ರಲ್ಲಿ ಕೊಂಡ ಪಾಲಿಸಿ ಇನ್ನೂ ಹುಟ್ಟೇ ಇಲ್ಲ ಅಂತಾಯಿತು. ವೈ2ಕೆ (2000ನೇ ಇಸವಿಯ ಎರಡಂಕಿ ವರ್ಷದ ತೊಂದರೆ) ಮುಗಿದ ಕಥೆ ಅನ್ನುವವರಿಗೆ ಹೇಳಿ, ಅವತ್ತು ಬಹಳ ಕಡೆ ಮಾಡಿದ್ದು ವರ್ಷವನ್ನು ನಾಲ್ಕಂಕಿ ಮಾಡುವ ಕೆಲಸವಲ್ಲ, ಕಿಟಕಿ ಇಡುವ, ಅಂದರೆ ಇಂಥ ಪಿವಟ್ ಹಾಕುವ ಕೆಲಸ. ಆ ಕಿಟಕಿಗಳು ಈಗಲೂ ತೆರೆದೇ ಇವೆ.

ಈ ಮೂರು ಗುಂಪನ್ನು ಬೇರೆ ಮಾಡಿದ ಮೇಲೆ ಯಾವುದಕ್ಕೆ ಯಾವ ದಾರಿ ಅನ್ನುವುದು ತಾನೇ ತಿಳಿಯುತ್ತದೆ.

ನಿಜವಾದ ಹಳೇ ಪಾಲಿಸಿಗಳಿಗೆ ಕಾವಲನ್ನು ದಾಟಿಸಬೇಡಿ, ಕಾವಲಿನ ಗಡಿಯನ್ನೇ ಸರಿಸಿ. ಚೇಂಜ್ ರಿಕ್ವೆಸ್ಟ್ ಹಾಕಿಸಿ ಕೆಳಗಿನ ಮಿತಿಯನ್ನು ಆ ಪುಸ್ತಕದ ಮೊದಲ ಪಾಲಿಸಿಯ ವರ್ಷಕ್ಕೆ ಇಳಿಸುವುದು. ಆ ವರ್ಷ ಯಾವುದು ಅಂತ ಕ್ಲೈಂಟಿನ ಬಿಸಿನೆಸ್ ಕಡೆಯವರು ಬರೆದುಕೊಡಬೇಕು, ನೀವು ಊಹಿಸಬಾರದು. ಆದರೆ ಮೇಲಿನ ಮಿತಿಯನ್ನು ಮುಟ್ಟಬೇಡಿ! ‘ಹೇಗೂ ಬದಲಿಸುತ್ತಿದ್ದೇವೆ, 2099 ಮಾಡಿಬಿಡೋಣ’ ಅಂತ ಯಾರೋ ಒಬ್ಬರು ಮೀಟಿಂಗಿನಲ್ಲಿ ಖಂಡಿತ ಅನ್ನುತ್ತಾರೆ. ಹಾಗೆ ಮಾಡಿದರೆ 2068 ಆರಾಮಾಗಿ ಒಳಗೆ ಬರುತ್ತದೆ. ಈಗ ಅದನ್ನು ಹಿಡಿಯುತ್ತಿರುವುದು ಆ 2029 ಒಂದೇ. ಪಾಲಿಸಿ ಮುಗಿಯುವ ತಾರೀಖು 2050 ಇರಬಹುದಲ್ಲ ಅಂದರೆ, ಅದು ಬೇರೆ ಕಾಲಮ್ಮು, ಅದಕ್ಕೆ ಬೇರೆ ನಿಯಮ. ಶುರುವಾಗುವ ತಾರೀಖಿಗೆ ಅಷ್ಟು ಸಡಿಲ ಬೇಕಿಲ್ಲ.

ಬದಲಿಸುವ ಕ್ರಮದಲ್ಲೂ ಒಂದು ವಿಷಯ ಡಿಬಿಎ ಹತ್ತಿರ ಕೇಳಿ. ಮೊದಲು ಅಗಲವಾದ ಹೊಸ ಕನ್‌ಸ್ಟ್ರೈಂಟ್ ಸೇರಿಸಿ, ಆಮೇಲೆ ಹಳೆಯದನ್ನು ಡ್ರಾಪ್ ಮಾಡಿದರೆ ಟೇಬಲ್ ಒಂದು ಕ್ಷಣವೂ ಕಾವಲಿಲ್ಲದೆ ಇರುವುದಿಲ್ಲ. ಸೇರಿಸುವಾಗ ಕರೆಂಟ್ ರೂಲ್ಸ್ ಅನ್ನುವ ಸ್ಪೆಷಲ್ ರಿಜಿಸ್ಟರಿನಲ್ಲಿ (ಡಿಬಿ2ನ ಒಂದು ಸೆಟ್ಟಿಂಗ್) ಏನಿದೆ ಅನ್ನುವುದು ಮುಖ್ಯ. ‘ಎಸ್‌ಟಿಡಿ’ ಇದ್ದರೆ ಆಲ್ಟರ್ (ಟೇಬಲ್ಲಿನ ನಿಯಮ ಬದಲಿಸುವ ಕಮಾಂಡು) ಅಲ್ಲೇ ನಿಂತು ಇರುವ ಸಾಲುಗಳನ್ನೆಲ್ಲ ಪರೀಕ್ಷಿಸುತ್ತದೆ. ದೊಡ್ಡ ಟೇಬಲ್ ಆದರೆ ಹೊತ್ತು ಹಿಡಿಯುತ್ತದೆ. ‘ಡಿಬಿ2’ ಅಂತ ಇದ್ದರೆ ಪರೀಕ್ಷಿಸದೆ ಸೇರಿಸಿ, ಟೇಬಲ್ಲನ್ನು ಚೆಕ್ ಪೆಂಡಿಂಗಿಗೆ ಹಾಕಿಬಿಡುತ್ತದೆ. ಇದು ಗೊತ್ತಿಲ್ಲದೆ ಹಗಲು ಹೊತ್ತು ಆಲ್ಟರ್ ಹೊಡೆದು ಆನ್‌ಲೈನ್ ನಿಲ್ಲಿಸಿದವರನ್ನು ಕಂಡಿದ್ದೇನೆ. ಆಲ್ಟರ್ ಅಂದರೆ ಕ್ಷಣದ ಕೆಲಸ ಅನ್ನುವ ಧೈರ್ಯ ಅವರದು.

0001, 9999 ಗುಂಪಿಗೆ ಸ್ಟೇಜಿಂಗ್ ಟೇಬಲ್ (ಮೊದಲು ತಂದಿಡುವ ತಾತ್ಕಾಲಿಕ ಟೇಬಲ್) ಸರಿ. ತಾರೀಖನ್ನು ಸಾದಾ ಕ್ಯಾರೆಕ್ಟರ್ ಕಾಲಮ್ಮಿನಲ್ಲಿ ಇಟ್ಟುಕೊಂಡು ಅಲ್ಲಿ ನೋಡಿ, ಮೂಲ ಕಂಪನಿಯ ಬೇರೆ ಫೈಲುಗಳಲ್ಲಿ ನಿಜವಾದ ದಿನ ಸಿಗುತ್ತದಾ ಹುಡುಕಿ, ಸಿಗದಿದ್ದರೆ ಬಿಸಿನೆಸ್ ಒಪ್ಪಿದರೆ ನಲ್ ಮಾಡಿ. ಲೋಡಿನಲ್ಲೇ ನಲ್‌ಇಫ್ ಬಳಸಿ ಮಾಡಬಹುದು, ಕಾಲಮ್ಮು ನಲ್ ಒಪ್ಪುವಂತಿದ್ದರೆ. ಒಪ್ಪದಿದ್ದಾಗ ಡಿಫಾಲ್ಟ್‌ಇಫ್ ಹಾಕಿಬಿಡೋಣ ಅನ್ನುವ ಆಸೆ ಬರುತ್ತದೆ. ಹುಷಾರು. ನಾಟ್ ನಲ್ ವಿತ್ ಡಿಫಾಲ್ಟ್ ಅಂತ ಮಾತ್ರ ಬರೆದ ಡೇಟ್ ಕಾಲಮ್ಮಿಗೆ ಡಿಫಾಲ್ಟ್ ಅಂದರೆ ಲೋಡ್ ಓಡಿದ ದಿನದ ತಾರೀಖು. ಅಷ್ಟೂ ಹಳೇ ಪಾಲಿಸಿ ನೀವು ಲೋಡ್ ಮಾಡಿದ ಶನಿವಾರ ಶುರುವಾದವು ಅಂತ ಆಗುತ್ತದೆ, ನಿಯಮದೊಳಗೇ ಇರುತ್ತವೆ, ಯಾವ ಕಾವಲೂ ಹಿಡಿಯುವುದಿಲ್ಲ.

ನಿಯಮದೊಳಗಿನ ಸುಳ್ಳು ಅಂದಾಗ ನಮ್ಮೂರಿನದೇ ಮಾತು ನೆನಪಾಗುತ್ತದೆ. ಹಾಸನ, ಚಿಕ್ಕಮಗಳೂರಿನ ಯಾವ ಆಫೀಸಿಗಾದರೂ ಹೋಗಿ, ಅರವತ್ತು ದಾಟಿದವರ ಜನ್ಮದಿನ ನೋಡಿ. ಜೂನ್ 1ಕ್ಕೆ ಹುಟ್ಟಿದವರ ಸಾಲೇ ಇರುತ್ತದೆ. ಶಾಲೆಗೆ ಸೇರಿಸಲು ಬಂದ ಅಪ್ಪನಿಗೆ ಮಗು ಹುಟ್ಟಿದ ದಿನ ಗೊತ್ತಿರಲಿಲ್ಲ, ಮೇಷ್ಟ್ರು ಲೆಕ್ಕ ಹಾಕಿ ಬರೆದುಕೊಂಡರು. ಯಾವ ಚೆಕ್ ಕನ್‌ಸ್ಟ್ರೈಂಟಿಗೂ ಅದು ಸಿಗುವುದಿಲ್ಲ. ನಿಮ್ಮ ಅಮೆರಿಕದ ಫೈಲಿನಲ್ಲೂ ಅಂಥದ್ದು ಇರುತ್ತದೆ, ಅಲ್ಲಿ ಜನವರಿ 1 ಇರಬಹುದು. ಆದ್ದರಿಂದ ಅಕರ್ ಪಟ್ಟಿಯನ್ನು ಡಿಸ್ಕಾರ್ಡ್ ಫೈಲಿಗೆ ಮಾತ್ರವಲ್ಲ, ಪೂರ್ತಿ ಇನ್‌ಪುಟ್ ಫೈಲಿಗೂ, ತಿಂಗಳು-ದಿನದ ಜಾಗಕ್ಕೂ ತೆಗೆಯಿರಿ. ಒಂದೇ ದಿನಕ್ಕೆ ವಿಪರೀತ ರಾಶಿ ಕಂಡರೆ ಕೇಳಿ. ಟ್ರಿಗರಿನ ಕಾವಲು ಲೋಡಿನಲ್ಲಿ ಇಲ್ಲದ್ದರಿಂದ ಇವತ್ತಿನಿಂದ 2029ರವರೆಗಿನ ತಾರೀಖುಗಳನ್ನೂ ಸಾರ್ಟಿನಲ್ಲೇ ಬೇರೆ ಮಾಡಿ. ಡಿಎಫ್‌ಸಾರ್ಟಿನಲ್ಲಿ ‘ಡೇಟ್1’ ಅಂತ ಬರೆದರೆ ಓಡಿದ ದಿನದ ತಾರೀಖು ಅದೇ ಹಾಕಿಕೊಳ್ಳುತ್ತದೆ, ಪ್ರೋಗ್ರಾಮ್ ಬರೆಯುವ ತಾಪತ್ರಯವಿಲ್ಲ.

2060ರ ಗುಂಪನ್ನು ಸುಮ್ಮನೆ ನೂರು ಕಳೆದು 1968 ಮಾಡಬೇಡಿ. ಪಿವಟ್ ಇಟ್ಟ ಪ್ರೋಗ್ರಾಮ್ ಯಾವುದು ಅಂತ ಹುಡುಕಿಸಿ, ಅಲ್ಲಿಂದ ಫೈಲನ್ನು ಮತ್ತೆ ತರಿಸಿ. ಯಾಕೆಂದರೆ ಅದೇ ಪಿವಟ್ಟಿನಿಂದ ಹುಟ್ಟಿದ ದಿನ, ಪ್ರೀಮಿಯಂ ದಿನ ಎಲ್ಲವೂ ಕೆಟ್ಟಿರುತ್ತವೆ. ನಿಮಗೆ ಕಂಡಿದ್ದು ಕನ್‌ಸ್ಟ್ರೈಂಟ್ ಇದ್ದ ಒಂದು ಕಾಲಮ್ಮು ಮಾತ್ರ.

ಹಾಗಾದರೆ ಎನ್‌ಫೋರ್ಸ್ ನೋ ಯಾವಾಗಲೂ ಬೇಡವೇ? ಬೇಕಾಗುವ ಸಂದರ್ಭಗಳಿವೆ. ಪೇರೆಂಟ್-ಚೈಲ್ಡ್ ಟೇಬಲ್ಲುಗಳು (ಒಂದರ ಸಾಲನ್ನು ಇನ್ನೊಂದು ನೆಚ್ಚಿರುವಂಥವು) ಹತ್ತಾರಿದ್ದು ಕ್ರಮವಾಗಿ ಲೋಡ್ ಮಾಡಲು ಹೊತ್ತಿಲ್ಲದಾಗ ಎಲ್ಲವನ್ನೂ ಎನ್‌ಫೋರ್ಸ್ ನೋದಲ್ಲಿ ಹಾಕಿ, ಕೊನೆಗೆ ಎಲ್ಲಕ್ಕೂ ಸೇರಿಸಿ ಚೆಕ್ ಡೇಟಾ ಓಡಿಸುವುದು ಒಪ್ಪುವ ಪದ್ಧತಿಯೇ. ವೀಕೆಂಡ್ ಒತ್ತಡ ನಿಜವಾಗಿದ್ದರೆ ಲೀಡ್ ಜೊತೆ ಇದೇ ರಾಜಿ ಮಾಡಿಕೊಳ್ಳಿ. ಎನ್‌ಫೋರ್ಸ್ ನೋ ಇರಲಿ, ರಿಪೇರ್ ಜಾಗದಲ್ಲಿ ಚೆಕ್ ಡೇಟಾ ಇರಲಿ. ಎಕ್ಸೆಪ್ಶನ್ ಟೇಬಲ್ (ತಪ್ಪಿದ ಸಾಲುಗಳು ಹೋಗುವ ಟೇಬಲ್) ಮೊದಲೇ ಕಟ್ಟಿಡಿ, ಮೂಲ ಟೇಬಲ್ಲಿನದೇ ಕಾಲಮ್ಮುಗಳು, ಬೇಕಿದ್ದರೆ ಕೊನೆಗೆ ಆರ್‌ಐಡಿಗೂ (ಸಾಲಿನ ಗುರುತು) ಟೈಮ್‌ಸ್ಟ್ಯಾಂಪಿಗೂ ಒಂದೊಂದು. ಮೊದಲ ಸಲ ಡಿಲೀಟ್ ನೋ ಕೊಟ್ಟು ಏನೇನು ಸಿಗುತ್ತದೆ ಅಂತ ನೋಡಿ. ಡಿಲೀಟ್ ಯೆಸ್ ಕೊಟ್ಟರೆ ತಪ್ಪಿದ ಸಾಲು ಎಕ್ಸೆಪ್ಶನ್ ಟೇಬಲ್ಲಿಗೆ ಹೋಗಿ ಮೂಲದಿಂದ ಅಳಿಯುತ್ತದೆ, ಜೊತೆಗೆ ಅದರ ಕೆಳಗಿನ ಚೈಲ್ಡ್ ಸಾಲುಗಳೂ ಹೋಗುತ್ತವೆ. ತಾರೀಖು ತಪ್ಪಿದ ಒಂದು ಪಾಲಿಸಿ ತನ್ನ ನಾಮಿನಿ, ಪ್ರೀಮಿಯಂ ಸಾಲುಗಳನ್ನೆಲ್ಲ ಕೈಹಿಡಿದು ಕರೆದುಕೊಂಡು ಹೊರಡುತ್ತದೆ. ಅವಕ್ಕೂ ಎಕ್ಸೆಪ್ಶನ್ ಟೇಬಲ್ ಇದೆಯೇ ಅಂತ ನೋಡಿಕೊಳ್ಳಿ.

ಬರೀ ರಿಪೇರ್ ಸಾಕಾಗುವ ಸಂದರ್ಭ ಒಂದೇ. ಅದೇ ನಿಯಮವಿರುವ ಅದೇ ಟೇಬಲ್ಲಿನಿಂದ ಅನ್‌ಲೋಡ್ ಮಾಡಿದ ಫೈಲು, ಮಧ್ಯದಲ್ಲಿ ಯಾರೂ ಮುಟ್ಟಿಲ್ಲ, ಹಾಗೇ ವಾಪಸ್ ಹಾಕುತ್ತಿದ್ದೀರಿ ಅಂತಾದರೆ ಮತ್ತೆ ಪರೀಕ್ಷಿಸುವ ಅಗತ್ಯವಿಲ್ಲ. ನಿಮ್ಮ ಫೈಲು ಬೇರೆ ಕಂಪನಿಯ ಮನೆಯಿಂದ ಬಂದದ್ದು. ಅದಕ್ಕೆ ಈ ರಿಯಾಯಿತಿ ಇಲ್ಲ.

ಇನ್ನೊಂದು ಗೊಂದಲವನ್ನೂ ತೆಗೆಯುತ್ತೇನೆ. ಡಿಬಿ2ನ ಈಚಿನ ಲೋಡಿನಲ್ಲಿ ‘ಓವರ್‌ರೈಡ್’ ಅನ್ನುವ ಹೆಸರಿನದೇ ಆಯ್ಕೆ ಇದೆ, ಅದರಲ್ಲಿ ‘ಸಿಸ್ಟಮ್‌ಪೀರಿಯಡ್’ ಅಂತ ಕೊಡಬಹುದು. ತಾರೀಖಿನ ಮಿತಿ ದಾಟಿಸುವ ಬಟನ್ ಇದೇ ಇರಬೇಕು ಅಂತ ಕೆಲವರು ಅದನ್ನು ಹಾಕಿ ನೋಡುತ್ತಾರೆ. ಅದು ಚೆಕ್ ಕನ್‌ಸ್ಟ್ರೈಂಟನ್ನು ಮುಟ್ಟುವುದೇ ಇಲ್ಲ. ಡಿಬಿ2 10ರಲ್ಲಿ ಬಂದ ಟೆಂಪೊರಲ್ ಟೇಬಲ್ಲುಗಳಲ್ಲಿ ಸಾಲು ಯಾವಾಗ ಹುಟ್ಟಿತು, ಯಾವಾಗ ಹೋಯಿತು ಅನ್ನುವ ಸಮಯವನ್ನು ಡಿಬಿ2 ತಾನೇ ಬರೆಯುತ್ತದೆ, ನಮಗೆ ಬರೆಯಲು ಬಿಡುವುದಿಲ್ಲ. ಅಂಥ ಟೇಬಲ್ಲನ್ನು ಒಂದು ಕಡೆಯಿಂದ ಇನ್ನೊಂದು ಕಡೆ ಸಾಗಿಸುವಾಗ ಹಳೇ ಸಮಯ ಹಾಗೇ ಉಳಿಯಲಿ ಅಂತ ಕೊಟ್ಟ ಅನುಮತಿ ಅದು. ಹಾಗೆ ಸಾಗಿಸುವುದಕ್ಕಲ್ಲದೆ ಬಳಸಿದರೆ ಇತಿಹಾಸವನ್ನು ತಿದ್ದಿದ ಹಾಗೆ, ಆಡಿಟ್ಟಿನವರು ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಒಂದು ಪಕ್ಕದ ಮಾತು: ಆ ಟೇಬಲ್ಲುಗಳಲ್ಲಿ ಚಾಲ್ತಿ ಸಾಲಿನ ಕೊನೇ ಸಮಯ 9999-12-30 ಅಂತ ಇರುತ್ತದೆ, 31 ಅಲ್ಲ. ಅದನ್ನು ತಪ್ಪು ಅಂದುಕೊಂಡು ಸರಿಮಾಡಲು ಹೋಗಬೇಡಿ.

ಉಳಿದದ್ದು ನಿಮ್ಮ ತಲೆಯ ಪ್ರಶ್ನೆ. ನೇರವಾಗಿ ಹೇಳುತ್ತೇನೆ: ಹೌದು, ಹೆಸರು ನಿಮ್ಮದೇ ಇರುತ್ತದೆ. ಡಿಬಿ2 ಕ್ಯಾಟಲಾಗಿನ ಸಿಸ್‌ಕಾಪಿ ಟೇಬಲ್ಲಿನಲ್ಲಿ ಪ್ರತಿ ಲೋಡಿಗೂ ಒಂದು ಸಾಲು ಬೀಳುತ್ತದೆ, ಜಾಬಿನ ಹೆಸರು, ಓಡಿಸಿದ ಐಡಿ ಎರಡೂ ಅದರಲ್ಲಿ ಇರುತ್ತವೆ. ಲೀಡ್ ಫೋನಿನಲ್ಲಿ ಹೇಳಿದ ಮಾತು ಎಲ್ಲೂ ದಾಖಲಾಗುವುದಿಲ್ಲ. ಹಾಗಂತ ಲೀಡ್ ಜೊತೆ ಜಗಳಕ್ಕೆ ನಿಲ್ಲಬೇಕಿಲ್ಲ. ಅವರ ಮೇಲೂ ಒತ್ತಡ ಇರುತ್ತದೆ, ಈ ಕಷ್ಟವೆಲ್ಲ ಅವರ ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ‘ಸರ್, ಡಿಸ್ಕಾರ್ಡ್ ನೋಡಿದೆ, ಮೂರು ಥರ ಇವೆ’ ಅಂತ ವರ್ಷವಾರು ಪಟ್ಟಿ ಮುಂದಿಟ್ಟರೆ ಬಹುಪಾಲು ಲೀಡುಗಳು ಅಲ್ಲೇ ದಾರಿ ಬದಲಿಸುತ್ತಾರೆ. ನಾನು ಕಂಡಿದ್ದು ಹಾಗೆ.

ಬದಲಿಸದಿದ್ದರೆ ಮೇಲ್ ಬರೆಯಿರಿ, ಡಿಬಿಎಗೂ ಕ್ಲೈಂಟಿನ ಬಿಸಿನೆಸ್ ಕಡೆಯ ಒಬ್ಬರಿಗೂ ಪ್ರತಿ ಹೋಗಲಿ. ಅದರಲ್ಲಿ ದೂರು ಬೇಡ, ನಾಲ್ಕು ವಿಷಯ ಇರಲಿ. ಎಷ್ಟು ರೆಕಾರ್ಡು ಮಿತಿಯ ಹೊರಗಿವೆ, ವರ್ಷವಾರು ಹೇಗೆ. ಎನ್‌ಫೋರ್ಸ್ ನೋ ಬಳಸಿದರೆ ಚೆಕ್ ಡೇಟಾ ಯಾವಾಗ, ಯಾರು ಓಡಿಸುತ್ತಾರೆ. ಎಕ್ಸೆಪ್ಶನ್ನಿಗೆ ಬಿದ್ದ ಪಾಲಿಸಿಗಳನ್ನು ನೋಡುವವರು ಯಾರು. ಲೋಡಿಗೆ ಮುಂಚೆ ಆ ಟೇಬಲ್ ಸೆಟ್ಟಿನ ಪೂರ್ತಿ ಇಮೇಜ್ ಕಾಪಿ (ಬ್ಯಾಕಪ್) ಎಷ್ಟು ಗಂಟೆಗೆ, ಹಿಂದಕ್ಕೆ ಹೋಗಬೇಕಾದರೆ ಯಾವ ಬಿಂದುವಿಗೆ ರಿಕವರ್ ಮಾಡುವುದು. ಕಾಪಿ ಬರೀ ಪಾಲಿಸಿ ಟೇಬಲ್ಲಿನದಾದರೆ ಸಾಲದು, ಚೈಲ್ಡ್ ಟೇಬಲ್ಲುಗಳದೂ ಒಂದೇ ಬಿಂದುವಿನಲ್ಲಿ ಇರಬೇಕು, ಇಲ್ಲದಿದ್ದರೆ ಹಿಂದಕ್ಕೆ ಹೋದಾಗ ಇನ್ನೊಂದು ಚೆಕ್ ಪೆಂಡಿಂಗ್ ಕಾದಿರುತ್ತದೆ. ಲೋಡ್ ಆದಮೇಲೆ ‘ಡಿಸ್‌ಪ್ಲೇ ಡೇಟಾಬೇಸ್ … ರಿಸ್ಟ್ರಿಕ್ಟ್’ ಕೊಟ್ಟು ಬಂದ ಔಟ್‌ಪುಟ್ಟನ್ನು ಅದೇ ಮೇಲ್ ಸರಣಿಗೆ ಅಂಟಿಸಿ. ಸಿಎಚ್‌ಕೆಪಿ (ಚೆಕ್ ಪೆಂಡಿಂಗ್) ಇನ್ನೂ ಕಾಣುತ್ತಿದ್ದರೆ ಚೆಕ್ ಡೇಟಾ ಮುಗಿಯುವ ತನಕ ಅಪ್ಲಿಕೇಶನ್ ತೆರೆಯಬೇಡಿ ಅಂತಲೂ ಅಲ್ಲೇ ಬರೆಯಿರಿ.